ಹದಿನಾರು ಹಲ್ಲಿನ ಅಳಿಯ

ಮನುಷ್ಯನಿಗೆ ಯಾವುದಾದರೂ ಒಂದು ವಿಷಯದಲ್ಲಿ ಜಂಬ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲವರಿಗೆ ತಮ್ಮ ಮನೆಯ ಸಾರಿನ ಬಗ್ಗೆ ಇರುತ್ತದೆ, ಕೆಲವರಿಗೆ ತಾವು ಸಾಕಿದ ಎಮ್ಮೆಯ ಬಗ್ಗೆ, ಇನ್ನು ಕೆಲವರಿಗೆ ತಮ್ಮ ಕಾಯಿಲೆಗಳ ಬಗ್ಗೆ. ನನ್ನ ಜಂಬವೆಲ್ಲ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಎಷ್ಟು ಹಲ್ಲಿನ ಫ್ರೀವೀಲ್ ಹಾಕಬೇಕು ಎಂಬುದರಲ್ಲಿತ್ತು. ನಗಬೇಡಿ. ಎಪ್ಪತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಕಡೂರು, ತರೀಕೆರೆ ಎರಡೂ ತಾಲ್ಲೂಕುಗಳಲ್ಲಿ ಈ ವಿಷಯದಲ್ಲಿ ನನ್ನಷ್ಟು ತಿಳಿದವರು ಇರಲಿಲ್ಲ. ಇದ್ದಿದ್ದರೂ ಅವರು ಬಾಯಿ ಬಿಟ್ಟಿರಲಿಲ್ಲ, ಬಾಯಿ ಬಿಡದವರನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವವನಲ್ಲ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ, ಗೊತ್ತಿದ್ದವರೂ ಓದಬಹುದು. ಪೆಡಲಿನ ಹತ್ತಿರ ಒಂದು ದೊಡ್ಡ ಹಲ್ಲಿನ ಚಕ್ರ ಇರುತ್ತದೆ. ಹಿಂದಿನ ಗಾಲಿಯ ನಡುವೆ ಒಂದು ಸಣ್ಣದು, ಅದೇ ಫ್ರೀವೀಲ್. ಎರಡನ್ನೂ ಚೈನು ಕೂಡಿಸುತ್ತದೆ. ಮುಂದೆ ನಲವತ್ತೆಂಟು ಹಲ್ಲಿದ್ದು ಹಿಂದೆ ಹದಿನಾರು ಇದ್ದರೆ, ನೀವು ಪೆಡಲನ್ನು ಒಂದು ಸುತ್ತು ತುಳಿದಾಗ ಹಿಂದಿನ ಗಾಲಿ ಮೂರು ಸುತ್ತು ಹೊಡೆಯುತ್ತದೆ. ಹಿಂದೆ ಇಪ್ಪತ್ತೆರಡು ಇದ್ದರೆ ಎರಡು ಸುತ್ತು, ಮೇಲೆ ಒಂದಿಷ್ಟು ಚಿಲ್ಲರೆ. ಹದಿನಾರು ಹಾಕಿದವನು ಇಳಿಜಾರಿನಲ್ಲಿ ಹಾರುತ್ತಾನೆ, ಏರಿನಲ್ಲಿ ಅಳುತ್ತಾನೆ. ಇಪ್ಪತ್ತೆರಡು ಹಾಕಿದವನು ಏರನ್ನು ಹಾಡಿಕೊಂಡು ಹತ್ತುತ್ತಾನೆ, ಸಮತಟ್ಟಿನಲ್ಲಿ ಮಾತ್ರ ಅವನ ಕಾಲು ಎಷ್ಟು ತಿರುಗಿದರೂ ಊರು ಹತ್ತಿರವಾಗುವುದಿಲ್ಲ. ನಡುವೆ ಹದಿನೆಂಟು, ಇಪ್ಪತ್ತು ಎಂಬ ಮಧ್ಯಸ್ಥರಿದ್ದಾರೆ. ಮಧ್ಯಸ್ಥರ ಬಗ್ಗೆ ನನಗೆ ಮೊದಲಿನಿಂದಲೂ ಗೌರವ ಕಡಿಮೆ.

ಅದಕ್ಕೆ ಕಾರಣ ನನ್ನ ಉದ್ಯೋಗ ಇರಬಹುದು. ಆಗ ನಾನು ಕಡೂರಿನ ತಾಲ್ಲೂಕು ಕಚೇರಿಯಲ್ಲಿ ಸರ್ವೇಯರ್ ಆಗಿದ್ದೆ. ಪಂಚನಹಳ್ಳಿಯಿಂದ ಚೌಳಹಿರಿಯೂರಿನವರೆಗೆ ಯಾರ ಬದು ಯಾರ ಹೊಲದೊಳಕ್ಕೆ ಎಷ್ಟು ನುಗ್ಗಿದೆ ಎಂದು ಅಳೆದು ಹೇಳುವುದು, ಹೇಳಿದ ಮೇಲೆ ಎರಡೂ ಕಡೆಯವರಿಂದ ಬೈಸಿಕೊಳ್ಳುವುದು ನನ್ನ ಕೆಲಸ. ಬಸ್ಸಿಗೆ ಕಾಯುತ್ತ ನಿಂತರೆ ಬದು ಇನ್ನಷ್ಟು ನುಗ್ಗುತ್ತಿತ್ತಾದ್ದರಿಂದ ಎಲ್ಲ ಊರಿಗೂ ಸೈಕಲ್ಲಿನಲ್ಲೇ ಹೋಗುತ್ತಿದ್ದೆ. ಮೊದಲು ಎಲ್ಲರ ಹತ್ತಿರ ಇರುವಂಥ ಕರಿಯ, ಭಾರದ ಸೈಕಲ್ಲೇ ಇತ್ತು. ಆಮೇಲೆ ದಾವಣಗೆರೆಯಲ್ಲಿ ಒಬ್ಬರು ಮಾರಿದ ರೇಸ್ ಸೈಕಲ್ ಕೊಂಡೆ. ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಕಿರುಬೆರಳಿನಷ್ಟು ದಪ್ಪದ ಟೈರು, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಬೆಲ್ಲೂ ಇಲ್ಲ. ಅದರ ಮೇಲೆ ಕೂತವನ ಮುಖ ನೆಲ ನೋಡುತ್ತದೆ, ಬೆನ್ನು ಆಕಾಶ ನೋಡುತ್ತದೆ. ಪಂಚನಹಳ್ಳಿಯ ರಸ್ತೆಯಲ್ಲಿ ಒಬ್ಬರು ರೈತರು ನನ್ನನ್ನು ತಡೆದು ನಿಲ್ಲಿಸಿ, ಏನು ಕಳೆದುಕೊಂಡಿರಿ ಸ್ವಾಮಿ, ನಾವೂ ಹುಡುಕುತ್ತೇವೆ ಎಂದು ತುಂಬಾ ಕಾಳಜಿಯಿಂದ ಕೇಳಿದ್ದರು.

ಅಂಥ ಕಾಲದಲ್ಲಿ ಊರಿನ ಯುವಕ ಸಂಘದವರು ಒಂದು ಸೈಕಲ್ ರೇಸ್ ಇಟ್ಟರು. ಸುಗ್ಗಿ ಕಳೆದ ಮೇಲಿನ ಒಂದು ಭಾನುವಾರ, ಕಡೂರಿನಿಂದ ಹೊರಟು ಬೀರೂರಿನ ಮೇಲೆ ತರೀಕೆರೆ, ಅಲ್ಲಿಂದ ಅಜ್ಜಂಪುರ, ಮತ್ತೆ ಬೀರೂರಿನ ಮೇಲೆ ಹಾಯ್ದು ಕಡೂರಿಗೆ ವಾಪಸ್ಸು. ಚಿಕ್ಕಮಗಳೂರಿನ ಕಡೆಯ ಒಬ್ಬ ಸಾಹುಕಾರರ ಮಗನ ಹತ್ತಿರ ಓಡುತ್ತಲೇ ಹಿಂದಿನ ಹಲ್ಲು ಬದಲಾಯಿಸುವ ಐದು ಗೇರಿನ ಪರದೇಶದ ಸೈಕಲ್ ಇದೆ ಎಂಬ ಸುದ್ದಿ ಹಬ್ಬಿತು. ಸಂಘದವರು ಹೋಟೆಲಿನಲ್ಲಿ ಕೂತು ಸಭೆ ಮಾಡಿ, ಎಲ್ಲರಿಗೂ ಹಿಂದೆ ಒಂದೇ ಫ್ರೀವೀಲ್, ಹೊರಟ ಮೇಲೆ ಬದಲಾಯಿಸುವ ಹಾಗಿಲ್ಲ ಎಂದು ನಿಯಮ ಮಾಡಿದರು. ಆ ಹುಡುಗ ಬರಲೇ ಇಲ್ಲ, ನಿಯಮ ಮಾತ್ರ ಉಳಿಯಿತು. ಅಂದರೆ ಹೊರಡುವ ಮೊದಲೇ ಒಂದು ಸಂಖ್ಯೆಗೆ ಗಟ್ಟಿಯಾಗಿ ನಿಲ್ಲಬೇಕು. ನನ್ನಂಥವನಿಗೆ ಬೇಕಾಗಿದ್ದುದೂ ಅದೇ.

ನಮ್ಮ ಮನೆಯಲ್ಲಿ ತೊಂದರೆ ಶುರುವಾದದ್ದು ಆಗ. ನಾನು ನಾಲ್ಕು ನಮೂನೆಯ ಫ್ರೀವೀಲ್ ತಂದು, ಜಿಡ್ಡು ಬಿಡಲಿ ಎಂದು ಹಿತ್ತಾಳೆ ಬೋಗುಣಿಯಲ್ಲಿ ಸೀಮೆಎಣ್ಣೆ ಸುರಿದು ನೆನೆಹಾಕಿದ್ದೆ. ಅದು ನನ್ನ ಹೆಂಡತಿ ಸರೋಜಳ ತವರಿನಿಂದ ಬಂದ ಬೋಗುಣಿ. ದಿನಕ್ಕೊಂದು ಫ್ರೀವೀಲ್ ಹಾಕಿ ಬೀರೂರಿನವರೆಗೆ ಹೋಗಿ ಬರುವುದು, ಬಂದು ಬಿಚ್ಚುವುದು, ಊಟದ ಎಲೆಯ ಮುಂದೆ ಕೂತು ಹದಿನೆಂಟರ ಗುಣದೋಷಗಳನ್ನು ಅವಳಿಗೆ ವಿವರಿಸುವುದು. ಅವಳು ಒಂದು ದಿನ ಅನ್ನದ ಕೈಯನ್ನು ಹಾಗೇ ನಿಲ್ಲಿಸಿ ಹೇಳಿದಳು: "ಅಲ್ಲ ಕಣ್ರೀ, ನನ್ನ ನೋಡೋಕೆ ಬಂದಾಗ ಉಪ್ಪಿಟ್ಟು ತಿಂದು ಮುಗಿಸೋದ್ರೊಳಗೆ ಒಪ್ಕೊಂಡ್ಬಿಟ್ರಿ. ಇದೊಂದು ಹಲ್ಲಿನ ಬಿಲ್ಲೆಗೆ ಇಷ್ಟು ದಿನಾನಾ?" ನೀನು ಒಂದೇ ನಮೂನೆಯಲ್ಲಿ ಸಿಕ್ಕಿದ್ದೆ, ಇದು ನಾಲ್ಕು ನಮೂನೆಯಲ್ಲಿ ಸಿಗುತ್ತದೆ ಎಂದು ನಾನು ಸಮಜಾಯಿಷಿ ಕೊಟ್ಟೆ. ಆ ಮಾತು ಅಷ್ಟೇನೂ ಕೆಲಸಕ್ಕೆ ಬರಲಿಲ್ಲ. ಮೂರು ದಿನ ಸಾರಿಗೆ ಉಪ್ಪು ಬೀಳಲಿಲ್ಲ.

ಆದರೆ ನನ್ನ ನಿಜವಾದ ಪರೀಕ್ಷೆ ಇದ್ದದ್ದು ಅಜ್ಜಂಪುರದಲ್ಲಿ. ಸರೋಜಳ ತಂದೆಗೆ ಅಲ್ಲಿ ಜವಳಿ ಅಂಗಡಿ. ಮದುವೆಯ ಹೊತ್ತಿನಲ್ಲಿ ಅವರು ಅಳಿಯನಿಗೆಂದು ಒಂದು ಸ್ಕೂಟರ್ ಬುಕ್ ಮಾಡಿದ್ದರು. ಆಗ ಸ್ಕೂಟರ್ ಬರುವುದಕ್ಕೆ ವರ್ಷಗಟ್ಟಲೆ ಕಾಯಬೇಕಿತ್ತು. ನಾನು ಬೇಡವೆಂದೆ. ನನ್ನ ಕಾಲು ನನಗಿದೆ, ಮಾವನ ದುಡ್ಡಿನಲ್ಲಿ ಓಡಾಡುವುದು ನನ್ನ ಜಾಯಮಾನವಲ್ಲ ಎಂಬುದು ನನ್ನ ನಿಲುವು. ಅದನ್ನು ನಾನು ಹೇಳಿದ್ದು ವಿನಯದಿಂದಲೇ. ಮಾವ ಮಾತ್ರ ಅಂಗಡಿಗೆ ಬಂದವರಿಗೆಲ್ಲ ಬಟ್ಟೆ ಹರಿಯುತ್ತ, ನಮ್ಮ ಅಳಿಯಂದಿರಿಗೆ ಸ್ಕೂಟರ್ ಅಂದರೆ ಭಯ, ಪಾಪ, ಎಂದು ಹೇಳಿಕೊಂಡು ಬಂದರು. ಅಜ್ಜಂಪುರದಲ್ಲಿ ನಾನು ಬಸ್ಸಿಳಿದರೆ ಗುರುತಿನವರು ಅನುಕಂಪದಿಂದ ನೋಡುತ್ತಿದ್ದರು. ಅವಮಾನವನ್ನು ಹೇಗೋ ನುಂಗಬಹುದು, ಈ ಅನುಕಂಪ ಮಾತ್ರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ರೇಸಿಗೆ ಮುಂಚೆ ಒಮ್ಮೆ ಅಲ್ಲಿಗೆ ಊಟಕ್ಕೆ ಹೋದಾಗ, ಸ್ಕೂಟರಿನ ಸರದಿ ಇನ್ನೇನು ಬರುತ್ತದೆ ಎಂದು ಮಾವ ಮತ್ತೆ ಮಾತು ತೆಗೆದರು. ನಾನು ರೇಸಿನ ಸಂಗತಿ ಹೇಳಿ, ನಿಮ್ಮ ಮನೆಯ ಮುಂದೆ ನಾನೇ ಮೊದಲಿಗನಾಗಿ ಹಾದು ಹೋಗುತ್ತೇನೆ, ಬೇಕಾದರೆ ನೋಡಿ ಎಂದುಬಿಟ್ಟೆ. ಮಾವ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, "ನಮ್ಮೂರಿಗೆ ನೀವೇ ಮೊದ್ಲು ಬಂದ್ರೆ, ಸ್ಕೂಟರ್ ಮಾತು ಇನ್ನು ನನ್ನ ಬಾಯಲ್ಲಿ ಬರಲ್ಲ ಬಿಡಿ ಅಳಿಯಂದ್ರೆ," ಎಂದರು. ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಇದನ್ನೆಲ್ಲ ಕೇಳಿಸಿಕೊಂಡರು. ಅವರು ನನ್ನೆದುರು ಮಾತಾಡುವವರಲ್ಲ. ಮುಖ ಮಾತ್ರ ಅರಳಿತ್ತು.

ಇನ್ನು ನನ್ನ ಆಯ್ಕೆಯನ್ನು ಸಮರ್ಥಿಸಿಕೊಳ್ಳಲು ಅಪ್ಪಣೆಯಾಗಲಿ. ತರೀಕೆರೆಯ ಒಬ್ಬ ಡ್ರಿಲ್ ಮಾಸ್ತರು ಇಪ್ಪತ್ತು ಹಲ್ಲು ಹಾಕಿಸಿದ್ದಾರೆ ಎಂದು ಗೊತ್ತಾಗಿತ್ತು. ಮಧ್ಯಸ್ಥರ ಪೈಕಿ. ನಾನು ಹಾಗೆ ಅಂದಾಜಿನ ಮೇಲೆ ಹೋಗಲಿಲ್ಲ. ರಸ್ತೆಯ ಉದ್ದಕ್ಕೂ ಹೋಗಿ ಪ್ರತಿಯೊಂದು ಉಬ್ಬು, ತಗ್ಗು, ಸೇತುವೆ, ರೈಲ್ವೆ ಗೇಟು ನೋಡಿಕೊಂಡು ಬಂದೆ. ತರೀಕೆರೆಯವರೆಗೆ ಒಟ್ಟಿನಲ್ಲಿ ಇಳುಕಲು, ಹದಿನಾರಕ್ಕೆ ಹಬ್ಬ. ಅಲ್ಲಿಂದ ಅಜ್ಜಂಪುರದ ಕಡೆಗೆ ನಿಧಾನವಾದ ಏರು, ಆದರೆ ಓಟ ಕಳೆದುಕೊಳ್ಳದಿದ್ದರೆ ದಾಟಬಹುದು. ಮಾವನ ಮನೆ ಊರ ಅಂಚಿನಲ್ಲಿ, ಒಂದು ದಿಬ್ಬದ ಬುಡದಲ್ಲಿದೆ. ಅದಕ್ಕೆ ಮುಂಚೆ ಒಳ್ಳೆಯ ಇಳಿಜಾರು. ಆ ಇಳಿಜಾರಿನಲ್ಲಿ ಬಾಣದಂತೆ ಬಂದರೆ ಅದೇ ರಭಸದಲ್ಲಿ ಮಾವನ ಕಣ್ಣೆದುರೇ ದಿಬ್ಬ ಹತ್ತಿ ಮಾಯವಾಗಬಹುದು. ಹದಿನಾರು ಹಲ್ಲಿನವನಿಗೆ ಇರುವ ಶತ್ರು ಒಂದೇ: ನಿಲ್ಲುವುದು. ಒಮ್ಮೆ ನಿಂತರೆ, ಅದರಲ್ಲೂ ಏರಿನಲ್ಲಿ, ಮತ್ತೆ ಹೊರಡಿಸಲು ಎತ್ತು ಕಟ್ಟಬೇಕು. ಆದರೆ ರೇಸಿನಲ್ಲಿ ಯಾರಾದರೂ ಏಕೆ ನಿಲ್ಲುತ್ತಾರೆ? ನಾನು ಹದಿನಾರು ಹಾಕಿದೆ. ಈ ಲೆಕ್ಕದಲ್ಲಿ ಇಂದಿಗೂ ತಪ್ಪು ಹುಡುಕಿಕೊಡಿ ನೋಡೋಣ.

ರೇಸಿನ ದಿನ ಎಲ್ಲವೂ ನಾನು ಅಂದುಕೊಂಡ ಹಾಗೆಯೇ ನಡೆಯಿತು. ತರೀಕೆರೆ ಮುಟ್ಟುವಾಗ ನಾನೇ ಮುಂದೆ. ಅಲ್ಲಿಂದಾಚೆಯ ಬಯಲಿನಲ್ಲಿ ಎದುರುಗಾಳಿ ಸ್ವಲ್ಪ ಕಾಡಿತು, ತೊಡೆ ಉರಿಯಿತು, ಡ್ರಿಲ್ ಮಾಸ್ತರು ಹಿಂದೆ ಚುಕ್ಕೆಯಾಗಿ ಕಾಣಿಸಿಕೊಂಡರು. ಚುಕ್ಕೆ ಚುಕ್ಕೆಯಾಗಿಯೇ ಉಳಿಯಿತು. ಅಜ್ಜಂಪುರದ ಇಳಿಜಾರಿನ ತಲೆಗೆ ಬಂದಾಗ ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ತಲೆ ತಗ್ಗಿಸಿ ತುಳಿದೆ. ಗಾಳಿ ಕಿವಿಯಲ್ಲಿ ಕೂಗುತ್ತಿತ್ತು. ತಲೆ ಎತ್ತಿ ನೋಡುತ್ತೇನೆ, ರಸ್ತೆಯ ನಟ್ಟನಡುವೆ ನಮ್ಮ ಅತ್ತೆ.

ಅತ್ತೆಯ ಕೈಯಲ್ಲಿ ಆರತಿ ತಟ್ಟೆ. ತಟ್ಟೆಯಲ್ಲಿ ಕೆಂಪು ಓಕುಳಿ ನೀರು, ಅದರ ಮೇಲೊಂದು ದೀಪ. ಬೀದಿಯ ಹೆಂಗಸರೆಲ್ಲ ಎರಡೂ ಪಕ್ಕಕ್ಕೆ ಸಾಲಾಗಿ ನಿಂತು ರಸ್ತೆಯನ್ನು ಮುಚ್ಚಿದ್ದರು. ಮೊದಲಿಗನಾಗಿ ಬರುತ್ತೇನೆ ಎಂದು ಅಳಿಯ ಹೇಳಿದ್ದಾನೆ, ಊರ ಜನರ ಕಣ್ಣೆಲ್ಲ ಅವನ ಮೇಲೆ, ದೃಷ್ಟಿ ತೆಗೆಯದೆ ಹೇಗೆ ಕಳಿಸುವುದು ಎಂಬುದು ಅವರ ಲೆಕ್ಕ. ಅವರ ಲೆಕ್ಕದಲ್ಲೂ ತಪ್ಪಿಲ್ಲ. ದಾರಿ ಬಿಡಿ ಎಂದು ಅತ್ತೆಗೆ ಕೂಗಿ ಹೇಳುವ ಅಳಿಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಎರಡೂ ಬ್ರೇಕು ಹಿಡಿದೆ. ಸೈಕಲ್ಲು ಕಿರುಚಿಕೊಂಡು ಆರತಿಯ ಮುಂದೆ ಬಂದು ನಿಂತಿತು. ಪಾದಗಳು ಪೆಡಲಿನ ಪಟ್ಟಿಯಲ್ಲಿ ಬಿಗಿದಿದ್ದವು, ಇಳಿಯುವಂತಿರಲಿಲ್ಲ. ಮಾವ ಒಂದು ಕೈಯಲ್ಲಿ ಸೀಟು, ಇನ್ನೊಂದರಲ್ಲಿ ನನ್ನ ರಟ್ಟೆ ಹಿಡಿದುಕೊಂಡರು. ಅತ್ತೆ ಸಾವಕಾಶವಾಗಿ ಆರತಿ ಎತ್ತಿದರು. ಒಬ್ಬ ಅಜ್ಜಿ ಹಾಡು ಶುರುಮಾಡಿದರು, ಹಾಡಿಗೆ ನುಡಿಗಳು ಬಹಳ ಇದ್ದವು. ಎರಡನೆಯ ನುಡಿಯಲ್ಲಿ ಡ್ರಿಲ್ ಮಾಸ್ತರು ಚರಂಡಿಯ ಅಂಚಿನಲ್ಲಿ ನುಸುಳಿ ಹೋದರು. ಹಣೆಗೆ ಕುಂಕುಮ ಇಟ್ಟು ಅತ್ತೆ ಪಕ್ಕಕ್ಕೆ ಸರಿಯುವಷ್ಟರಲ್ಲಿ ಇನ್ನೂ ಮೂವರು ಹೋಗಿದ್ದರು.

ಈಗ ಎದುರಿಗೆ ದಿಬ್ಬ. ತುಳಿದೆ. ಪೆಡಲು ಅಲ್ಲಾಡಲಿಲ್ಲ. ಸೀಟಿನಿಂದೆದ್ದು ಇಡೀ ಮೈಭಾರ ಹಾಕಿದೆ. ಸೈಕಲ್ಲು ಒಂದು ಮೊಳ ಮುಂದೆ ಹೋಗಿ ವಾಲಿತು. ಸಾಲಿನಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗ ಹಿಂದಿನಿಂದ ಸೀಟಿಗೆ ಒಂದು ಬಲವಾದ ನೂಕು ಬಿತ್ತು. ತಿರುಗಿ ನೋಡಿದರೆ ಮಾವ, ಪಂಚೆ ಮೇಲಕ್ಕೆತ್ತಿ ಕಟ್ಟಿ, ಚಪ್ಪಲಿ ಬಿಟ್ಟು, ಸೈಕಲ್ಲನ್ನು ತಳ್ಳುತ್ತ ದಿಬ್ಬದ ಮೇಲೆ ಓಡುತ್ತಿದ್ದಾರೆ. ಅಂಗಡಿಯಲ್ಲಿ ಕಾಲು ಮಡಚಿ ಕೂತು ಗಜದಲ್ಲಿ ಬಟ್ಟೆ ಅಳೆಯುವ ಮನುಷ್ಯ ಓಡಿದ್ದನ್ನು ಆ ಊರು ಅದುವರೆಗೆ ಕಂಡಿರಲಿಕ್ಕಿಲ್ಲ. "ತುಳೀರಿ ಅಳಿಯಂದ್ರೆ, ನಾನಿದೀನಿ, ತುಳೀರಿ," ಎಂದು ಏದುಸಿರು ಬಿಡುತ್ತ ದಿಬ್ಬದ ನೆತ್ತಿಯವರೆಗೂ ಬಂದರು. ಅಲ್ಲಿ ಕೈ ಬಿಟ್ಟರು. ನಾನು ಹಾರಿದೆ.

ಹಾರಿದ್ದು ಪ್ರಯೋಜನವಾಗಲಿಲ್ಲ. ಸಂಘದವರ ಜೀಪು ಹಿಂದೆಯೇ ಬಂದಿತ್ತು. ದಾರಿಯಲ್ಲಿ ಇಬ್ಬರನ್ನು ಹಿಂದೆ ಹಾಕಿ ಕಡೂರು ಮುಟ್ಟಿದರೂ, ಹೊರಗಿನವರು ತಳ್ಳಿದ್ದಾರೆ ಎಂಬ ಕಾರಣಕ್ಕೆ ನನ್ನ ಹೆಸರು ಹೊಡೆದುಹಾಕಿದರು. ಗೆದ್ದದ್ದು ಇಪ್ಪತ್ತು ಹಲ್ಲು. ಸಂಜೆ ಬಸ್ಸಿನಲ್ಲಿ ಬಂದ ಮಾವನಿಗೆ ಈ ತೀರ್ಪು ಒಂದಿಷ್ಟೂ ಸರಿಬರಲಿಲ್ಲ. ಅವರು ನೇರವಾಗಿ ಸಂಘದವರ ಹತ್ತಿರ ಹೋಗಿ, ಹೆಣ್ಣು ಕೊಟ್ಟ ಮಾವ ಹೊರಗಿನವನು ಹೇಗಾಗುತ್ತಾನೆ ಎಂದು ಕೇಳಿದರಂತೆ. ತೀರ್ಪು ಮಾತ್ರ ಬದಲಾಗಲಿಲ್ಲ.

ಅಂದು ಊಟವಾದ ಮೇಲೆ ಅವರು ನಮ್ಮ ಜಗಲಿಯಲ್ಲಿ ಕೂತು ನೋಯುವ ಮಂಡಿ ನೀವಿಕೊಳ್ಳುತ್ತ ಆ ಫ್ರೀವೀಲನ್ನು ಬಿಚ್ಚಿಸಿ ನೋಡಿದರು. ತಿರುಗಿಸಿದರು, ಹಲ್ಲು ಮುಟ್ಟಿ ನೋಡಿದರು. ಹದಿನಾರೇ ಸರಿ ಎಂಬುದಕ್ಕೆ ನನ್ನ ವಾದವೆಲ್ಲ ನಾಲಿಗೆಯ ತುದಿಯಲ್ಲಿ ತಯಾರಿತ್ತು. ಮಾವ ಅದನ್ನು ಕೆಳಗಿಟ್ಟು ಹೇಳಿದರು: "ಬರೋ ವರ್ಷ ಇಪ್ಪತ್ತೆರಡು ಹಾಕ್ಸಿ ಅಳಿಯಂದ್ರೆ. ನನ್ನ ಕೈಲಿ ಇನ್ನು ಓಡೋಕಾಗಲ್ಲ." ಆಗಲಿ ಮಾವ ಎಂದೆ.

ಸ್ಕೂಟರ್ ಬಂದಾಗ ಅದು ಸರೋಜಳ ತಮ್ಮನ ಪಾಲಾಯಿತು, ನನ್ನೆದುರು ಅದರ ಮಾತು ಬರಲೇ ಇಲ್ಲ. ಮರುವರ್ಷ ನಾನು ಇಪ್ಪತ್ತೆರಡನ್ನೇ ಹಾಕಿದೆ. ಅದರ ಗುಣದ ಬಗ್ಗೆ ನಾನು ಮೊದಲೇ ಹೇಳಿದ್ದೆಲ್ಲ ಅಕ್ಷರಶಃ ನಿಜವಾಗಿ, ಅಜ್ಜಂಪುರದ ಹೊತ್ತಿಗೆ ಎಲ್ಲರೂ ನನ್ನನ್ನು ದಾಟಿ ಹೋಗಿದ್ದರು. ಈ ಸಲ ರಸ್ತೆ ಖಾಲಿ, ಆರತಿ ಇರಲಿಲ್ಲ. ದಿಬ್ಬದ ಬುಡದಲ್ಲಿ ಮಾವ ಒಬ್ಬರೇ, ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಬದಿಗೆ ಬಿಟ್ಟು ನಿಂತಿದ್ದರು. ಇಪ್ಪತ್ತೆರಡು ಹಲ್ಲಿಗೆ ಆ ದಿಬ್ಬ ಯಾವ ಲೆಕ್ಕಕ್ಕೂ ಇಲ್ಲ, ಒಂದೇ ಕಾಲಿನಲ್ಲಿ ಹತ್ತಿಬಿಡಬಹುದಿತ್ತು. ಆದರೂ ನಾನು ಅವರ ಮುಂದೆ ಬ್ರೇಕು ಹಿಡಿದು, ಇಲ್ಲ ಮಾವ, ಆಗುತ್ತಿಲ್ಲ, ಸ್ವಲ್ಪ ತಳ್ಳಿ ಎಂದೆ.