ಮೂಲೆಯಲ್ಲಿ ಅಡಿಕೆ ಇದ್ದ ಕೌದಿ

ನನ್ನ ವಸ್ತುಗಳನ್ನು ನಾನೇ ಗುರುತು ಹಿಡಿಯಲಾರೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಶಾಲೆಯ ಗೋಡೆಗೆ ಒರಗಿಸಿದ ಸೈಕಲ್ಲುಗಳಲ್ಲಿ ನನ್ನದು ಯಾವುದೆಂದು ತಿಳಿಯಲು ಉಳಿದ ಮೇಷ್ಟ್ರುಗಳೆಲ್ಲ ತಮ್ಮ ತಮ್ಮದನ್ನು ಒಯ್ಯುವವರೆಗೆ ಕಾಯುತ್ತಿದ್ದೆ. ಕಡೆಗೆ ಉಳಿದದ್ದು ನನ್ನದು. ಕೊಡೆಗೂ ಅದೇ ಪದ್ಧತಿ. ಚಪ್ಪಲಿಯ ವಿಷಯದಲ್ಲಿ ಮಾತ್ರ ಒಂದೆರಡು ಸಲ ಎಡವಟ್ಟಾಗಿದೆ. ಮದುವೆಮನೆಯಿಂದ ನಾನು ಬಂದರೆ ನನ್ನ ಹೆಂಡತಿ ಸರೋಜ ಮೊದಲು ನನ್ನ ಪಾದ ನೋಡಿ ಆಮೇಲೆ ಮುಖ ನೋಡುತ್ತಾಳೆ. ಆದರೂ ಒಟ್ಟಿನಲ್ಲಿ ಈ ಪದ್ಧತಿ ನನ್ನನ್ನು ಬಹಳ ಕಾಲ ಕಾಪಾಡಿತ್ತು. ಕೈಕೊಟ್ಟದ್ದು ಕೌದಿಯ ವಿಷಯದಲ್ಲಿ.

ನಮ್ಮ ಮನೆತನದಲ್ಲಿ ಒಂದು ಕೌದಿ ಇದೆ. ಜಗಳೂರು ಕಡೆಯ ಸೊಕ್ಕೆಯಲ್ಲಿ ನನ್ನ ಅಜ್ಜಿ, ಅಂದರೆ ದೊಡ್ಡಮ್ಮನ ಅತ್ತೆ, ಅದನ್ನು ಹೊಲಿಯಲು ಶುರುಮಾಡಿದರಂತೆ, ದೊಡ್ಡಮ್ಮ ಮುಗಿಸಿದರಂತೆ. ಹರಿದಲ್ಲಿ ತೇಪೆ, ತೇಪೆ ಹರಿದಲ್ಲಿ ಇನ್ನೊಂದು ತೇಪೆ ಸೇರಿ ಅದರ ತೂಕ ಒಂದು ಎಳೆಗರುವಿನಷ್ಟಾಗಿತ್ತು. ಮನೆಯಲ್ಲಿ ಯಾವ ಕೂಸು ಹುಟ್ಟಿದರೂ ತೊಟ್ಟಿಲಿಗೆ ಹಾಕುವ ದಿನ ಮೊದಲು ಈ ಕೌದಿಯ ಮೇಲೆ ಮಲಗಿಸಬೇಕು. ಆಮೇಲೆ ಮುಂದಿನ ಕೂಸು ಹುಟ್ಟುವತನಕ ಕೌದಿ ಆ ಮನೆಯಲ್ಲೇ ಇರಬೇಕು. ಕಡೆಯದಾಗಿ ಹುಟ್ಟಿದವನು ನನ್ನ ಮಗನಾದ್ದರಿಂದ ಅದು ಬಸವಾಪಟ್ಟಣದ ನಮ್ಮ ಬಾಡಿಗೆ ಮನೆಯ ಟ್ರಂಕಿನಲ್ಲಿ ಒಂಬತ್ತು ವರ್ಷ ಬಿದ್ದಿತ್ತು. ಅದರ ಚರಿತ್ರೆಯನ್ನು ಮಾತ್ರ ಯಾರನ್ನೂ ಕೇಳಬಾರದು. ಚಿಕ್ಕಪ್ಪನನ್ನು ಕೇಳಿದರೆ ಅದರ ನಡುವೆ ಇರುವುದು ಅಜ್ಜನ ಕೆಂಪು ರುಮಾಲು. ಸೋದರತ್ತೆಯನ್ನು ಕೇಳಿದರೆ ಆಕೆಯ ಮದುವೆಯ ಸೀರೆ. ಇಬ್ಬರೂ ಒಂದೇ ತುಂಡನ್ನು ತೋರಿಸುತ್ತಿದ್ದರೋ ಬೇರೆ ಬೇರೆಯದನ್ನೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತು. ದೊಡ್ಡಮ್ಮನ ಮಗಳು ಗಿರಿಜೆಗೆ ಸೊಕ್ಕೆಯ ತವರುಮನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮದುವೆಯಾಗಿ ಎಂಟು ವರ್ಷ, ಎರಡು ಸಲ ಬಸಿರು ನಿಂತಿರಲಿಲ್ಲ. ಅವಳ ಮುಖ ನೋಡಿ ಮಾತಾಡಲು ನಾವೆಲ್ಲ ಹಿಂಜರಿಯುವಂತಾಗಿತ್ತು. ಹಾಗಾಗಿ ಈ ಕೂಸಿನ ತೊಟ್ಟಿಲಲ್ಲಿ ಒಂದು ಎಳೆ ಹೆಚ್ಚುಕಡಿಮೆಯಾಗುವುದನ್ನೂ ದೊಡ್ಡಮ್ಮ ಸಹಿಸುವಂತಿರಲಿಲ್ಲ. ಬಂದ ಕಾಗದದಲ್ಲಿ ಕೂಸಿನ ಸುದ್ದಿ ಒಂದು ಸಾಲು, ಕೌದಿಯ ಸುದ್ದಿ ಏಳು ಸಾಲು. ಸರೋಜ ಮಗನನ್ನು ಕರೆದುಕೊಂಡು ಅಡುಗೆಯ ನೆರವಿಗೆಂದು ಮೊದಲೇ ಹೊರಟಳು. ಹೊರಡುವಾಗ, "ಕೌದಿ ನುಸಿಗುಳಿಗೆ ವಾಸ್ನಿ ಹೊಡೀತೈತೆ. ನಾಲೆಗೆ ಹಾಕಿ ತುಳಿದು, ಒಣಗಿಸ್ಕಂಡು ತಗಂಡ್ ಬರ್ರಿ. ಇದೊಂದಾದ್ರೂ ನೆಟ್ಟಗೆ ಮಾಡ್ರಿ" ಎಂದಳು.

ನೆನೆದ ಕೌದಿಯನ್ನು ಒಬ್ಬನೇ ನೀರಿನಿಂದ ಎಳೆಯಬಹುದು ಎಂದು ನಂಬಿದವನು ನಾನೊಬ್ಬನೇ ಇರಬೇಕು. ಭದ್ರಾ ನಾಲೆಯಲ್ಲಿ ಮೊಣಕಾಲುದ್ದ ನಿಂತು ನಾನು ಅದನ್ನು ಎಳೆಯುತ್ತಿದ್ದೆನೋ ಅದು ನನ್ನನ್ನು ಎಳೆಯುತ್ತಿತ್ತೋ ಹೇಳುವುದು ಕಷ್ಟ. ಪಕ್ಕದಲ್ಲಿ ತಮ್ಮ ಮನೆಯ ಕೌದಿ ಒಗೆಯುತ್ತಿದ್ದ ಹಾಲಮ್ಮ ಎಂಬ ಹೆಂಗಸು ಕನಿಕರಪಟ್ಟು, "ಮೇಷ್ಟ್ರೇ, ನೀವು ಆ ತುದಿ ಹಿಡ್ಕಳ್ರಿ ಸಾಕು, ಹಿಂಡಾದು ನಾವು ಹಿಂಡ್ತೀವಿ" ಎಂದು ತನ್ನ ಸೊಸೆಯನ್ನೂ ಕರೆದಳು. ಎರಡು ಕೌದಿಗಳೂ ದಂಡೆಯ ಕಲ್ಲುಗಳ ಮೇಲೆ ಒಂದರ ಪಕ್ಕ ಒಂದು ಬಿಸಿಲಿಗೆ ಬಿದ್ದವು. ಅವರು ಮನೆಗೆ ಹೋದರು. ನಾನು ಕಾವಲಿಗೆಂದು ಹೊಂಗೆಮರದ ಕೆಳಗೆ ಕೂತೆ. ಕೂತದ್ದು ನೆನಪಿದೆ. ಎಚ್ಚರವಾದಾಗ ಕಲ್ಲಿನ ಮೇಲೆ ಒಂದೇ ಕೌದಿ ಇತ್ತು. ಕಡೆಗೆ ಉಳಿದದ್ದು ನನ್ನದು. ಹಳೇ ಪಂಚೆಯಲ್ಲಿ ಗಂಟು ಕಟ್ಟಿ ಬಸ್ಸು ಹತ್ತಿದೆ.

ದಾವಣಗೆರೆ ದಾಟಿ ಜಗಳೂರಿನ ಹಾದಿ ಹಿಡಿದಾಗ ಗಂಟಿನ ಸಂದಿಯಿಂದ ಹಸಿರು ಬಟ್ಟೆಯ ತುಂಡೊಂದು ಇಣುಕಿತು. ಹಸಿರಿನ ಮೇಲೆ ಹಳದಿ ಚುಕ್ಕೆ. ಇದನ್ನು ನಾನು ಯಾವತ್ತಾದರೂ ನೋಡಿದ್ದೇನೆಯೇ? ನೋಡಿಲ್ಲ ಅನ್ನಿಸಿತು. ಆದರೆ ನಮ್ಮ ಕೌದಿಯಲ್ಲಿ ನಾನು ನೋಡಿದ ತುಂಡಾದರೂ ಯಾವುದು ಎಂದು ಕೇಳಿಕೊಂಡರೆ ಅದೂ ಹೊಳೆಯಲಿಲ್ಲ. ಒಂಬತ್ತು ವರ್ಷ ಮನೆಯಲ್ಲಿಟ್ಟುಕೊಂಡ ವಸ್ತುವಿನ ಬಗ್ಗೆ ನನಗೆ ಖಚಿತವಾಗಿ ಗೊತ್ತಿದ್ದದ್ದು ಅದು ಭಾರ ಎಂಬುದಷ್ಟೇ, ಇದೂ ಭಾರವಾಗಿತ್ತು. ಇಳಿದು ವಾಪಸು ಹೋಗಲೇ, ಹೋದರೆ ತೊಟ್ಟಿಲಿನ ಹೊತ್ತು ಮೀರುತ್ತದೆ, ಹೋಗದಿದ್ದರೆ ಗಿರಿಜೆಯ ಕೂಸು ಯಾರದೋ ಕೌದಿಯ ಮೇಲೆ ಮಲಗುತ್ತದೆ ಎಂದು ಯೋಚಿಸುತ್ತಿರುವಾಗಲೇ ಸೊಕ್ಕೆ ಬಂತು.

ನಡುಮನೆಯಲ್ಲಿ ಎಲ್ಲರೂ ಸುತ್ತ ಕೂತಿದ್ದರು. ಗಂಟು ಬಿಚ್ಚಿದರು. ನಾನು ಕಂಬದ ಮರೆಗೆ ಸರಿದು ನಿಂತೆ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಇಲ್ಲೈತೆ ನೋಡ್ರಿ ನಮ್ಮಪ್ಪನ ರುಮಾಲು. ಇದನ್ನ ಸುತ್ಕಂಡೇ ಎತ್ತಿನ ಜೋಡಿ ತರಾಕೆ ಹೋಗಿದ್ದು" ಎಂದರು. ಸೋದರತ್ತೆ ಆ ಹಸಿರು ಚುಕ್ಕೆಯ ತುಂಡನ್ನು ಸವರಿ, "ಇದು ನನ್ನ ಮದುವಿ ಸೀರೆ. ಬಣ್ಣ ಹೆಂಗೆ ನಿಂತೈತೆ ನೋಡು" ಎಂದು ಕಣ್ಣು ಒರೆಸಿಕೊಂಡರು. ಹಾಗಾದರೆ ಇದು ನಮ್ಮದೇ? ಅಷ್ಟರಲ್ಲಿ ಸರೋಜ ಒಳಗಿನಿಂದ ಬಂದಳು. ಅವಳಂತೂ ಹಿಡಿದೇ ಹಿಡಿಯುತ್ತಾಳೆ ಎಂದುಕೊಂಡೆ. ಅವಳು ಒಂದು ಅಂಚು ಎತ್ತಿ ನೋಡಿ, "ಇಲಿ ಕಡಿದ ಈ ಜಾಗಕ್ಕೆ ನಾನೇ ತೇಪಿ ಹಾಕಿದ್ದು. ಹೊಲಿಗೆ ಗಟ್ಟಿ ಐತೆ" ಎಂದು ಸಮಾಧಾನಪಟ್ಟಳು.

ಇನ್ನು ನಾನೊಬ್ಬ ಅನುಮಾನಪಟ್ಟು ಏನು ಮಾಡಲಿ? ನೋಡುನೋಡುತ್ತ ನನಗೂ ಒಂದು ನೀಲಿ ಗೀರಿನ ತುಂಡು ಕಂಡಿತು. ಐದನೇ ಕ್ಲಾಸಿನವರೆಗೆ ನಾನು ದೊಡ್ಡಮ್ಮನ ಮನೆಯಲ್ಲೇ ಓದಿದವನು. ಆಗ ಇಂಥದೇ ಅಂಗಿ ಇತ್ತು. ಪರೀಕ್ಷೆಯ ದಿನ ಜೇಬಿನಲ್ಲಿ ಶಾಯಿ ಸೋರಿತ್ತು. ನೋಡಿದರೆ ಆ ತುಂಡಿನ ಮೇಲೆ ಕಲೆಯೂ ಇದೆ. "ಇದು ನನ್ನ ಅಂಗಿ" ಎಂದು ನಡುವೆ ನುಗ್ಗಿ ಶಾಯಿಯ ಕಥೆಯನ್ನೆಲ್ಲ ಹೇಳಿದೆ. ಎಲ್ಲರೂ ನಕ್ಕರು. ಹೇಳುವಾಗ ನಾನೂ ಆ ಕಲೆಯನ್ನು ಎರಡು ಸಲ ಸವರಿದೆ, ಸುಳ್ಳು ಹೇಳುವುದಿಲ್ಲ.

ದೊಡ್ಡಮ್ಮನಿಗೆ ಕಣ್ಣಿನಲ್ಲಿ ಪೊರೆ ಬಂದಿತ್ತು. ಅವರು ಬಣ್ಣ ನೋಡಲಿಲ್ಲ. ಕೌದಿಯ ಅಂಚು ಹಿಡಿದು ಮೂಲೆಯಿಂದ ಮೂಲೆಗೆ ಬೆರಳಾಡಿಸುತ್ತ ಹೋದರು. ಒಂದು ಮೂಲೆಯಲ್ಲಿ ಬೆರಳು ನಿಂತಿತು. ಅಲ್ಲೇ ಎರಡು ಮೂರು ಸಲ ಒತ್ತಿ ನೋಡಿದರು. ಆಮೇಲೆ, "ಮಲಗಿಸ್ರಿ ಕೂಸನ್ನ" ಎಂದರು. ಕೂಸು ಮಲಗಿತು, ಕೈಕಾಲು ಆಡಿಸಿತು. ಗಿರಿಜೆ ಬಹಳ ವರ್ಷಗಳ ಮೇಲೆ ಬಾಯಿತುಂಬ ನಕ್ಕಳು. ಹೆಂಗಸರು ತೊಟ್ಟಿಲು ಕಟ್ಟಿ ಹಾಡತೊಡಗಿದರು.

ಊಟವಾದ ಮೇಲೆ ದೊಡ್ಡಮ್ಮ ನನ್ನನ್ನು ಹಿತ್ತಲಿಗೆ ಕರೆದರು.

"ಯಾರ್ದಪ್ಪಾ ಆ ಕೌದಿ?"

ನಾನು ನಾಲೆಯಿಂದ ಹಿಡಿದು ಹೊಂಗೆಮರದವರೆಗೆ ಎಲ್ಲವನ್ನೂ ಒಪ್ಪಿಸಿದೆ. ಅವರಿಗೆ ಹೇಗೆ ತಿಳಿಯಿತು ಎಂದು ಕೇಳಿದೆ. ಕೌದಿಯ ಕಡೇ ಹೊಲಿಗೆ ಹಾಕುವ ಮುಂಚೆ ಮೂಲೆಯಲ್ಲಿ ಏನಾದರೂ ಇಟ್ಟು ಅದರ ಹೊಟ್ಟೆ ತುಂಬಿಸಬೇಕಂತೆ. "ನಾನು ಅರಿಶಿನದ ಕೊಂಬು ಇಟ್ಟಿದ್ದೆ. ಇದರಾಗೆ ದುಂಡಗೆ ಅಡಿಕೆ ಐತೆ. ನಿಮ್ಮ ಕಡೇರೇ ಯಾರೋ ಅಡಿಕೆ ತ್ವಾಟದೋರು" ಎಂದರು.

"ಗೊತ್ತಿದ್ದೂ ಕೂಸನ್ನ ಮಲಗಿಸಿದ್ರಲ್ಲ ದೊಡ್ಡಮ್ಮ?"

"ಅದೂ ಯಾರೋ ತಾಯಿ ಹೊಟ್ಟಿ ತುಂಬ್ಸಿ ಹೊಲಿದಿದ್ದೇ. ಗಿರಿಜಿ ನಗತಿದ್ಲು, ಅದರ ಮುಂದೆ ನಿನ್ನ ಪೆದ್ದತನ ಬಿಚ್ಚಲಾ? ಯಾರಿಗೂ ಹೇಳಬ್ಯಾಡ. ಹೋಗಿ ನಂದನ್ನ ಹುಡುಕಿ ತಾ."

ಹುಡುಕುವ ಕಷ್ಟ ಬರಲಿಲ್ಲ. ನಾಲ್ಕೈದು ದಿನ ಬಿಟ್ಟು ನಾನೊಬ್ಬನೇ ಊರು ಸೇರುವಾಗ ಹಾಲಮ್ಮ ನಮ್ಮ ಬಾಗಿಲಲ್ಲೇ ಗಂಟು ಇಟ್ಟುಕೊಂಡು ಕೂತಿದ್ದಳು. ಹೊಸ ಸೊಸೆ ಗುರುತು ಸಿಗದೆ ನಮ್ಮದನ್ನು ಹೊತ್ತು ಹೋಗಿದ್ದಳಂತೆ. "ನಾಕು ದಿನ ಯಾರಿಗೂ ಗೊತ್ತಾಗ್ಲಿಲ್ರಿ. ನಮ್ಮತ್ತಿ ಅದನ್ನೇ ಹೊದ್ಕಂಡು, ಇದು ನನ್ನ ಗಂಡನ ಕಂಬಿ ಪಂಚಿ ಅಂತ ಎದಿಗೆ ಅವುಚ್ಕಂಡು ಅತ್ತರು. ಮೂಲ್ಯಾಗ ಅಡಿಕೆ ಸಿಗದಾಗ್ಲೇ ನಂಗೆ ತಿಳಿದಿದ್ದು" ಎಂದಳು. ನಾನು ಮೇಷ್ಟ್ರ ಗಾಂಭೀರ್ಯದಿಂದ, ವಯಸ್ಸಾದವರಿಗೆ ಹಾಗೆ ಭ್ರಮೆಯಾಗುವುದುಂಟು ಎಂದೆ.

ಎರಡು ವಾರದ ನಂತರ, ಹಾಲಮ್ಮನದನ್ನು ಬದಲಿಸಿ ತರಲೆಂದು, ನಮ್ಮ ಕೌದಿಯನ್ನು ಸೊಕ್ಕೆಗೆ ಒಯ್ದೆ. ಹೊರಡುವ ಮುಂಚೆ ನೆಲದ ಮೇಲೆ ಹರಡಿ ಇಂಚಿಂಚೂ ಹುಡುಕಿದ್ದೆ. ನೀಲಿ ಗೀರು ಎಲ್ಲೂ ಇರಲಿಲ್ಲ. ಕೆಂಪು ರುಮಾಲಿನಂಥದೂ ಇರಲಿಲ್ಲ. ದೊಡ್ಡಮ್ಮ ಮೂಲೆ ಒತ್ತಿ ನೋಡಿ, ಅರಿಶಿನದ ಕೊಂಬು ಸಿಕ್ಕಿದ ಮೇಲೆ ಕೌದಿಯನ್ನು ಮಡಿಲಿಗೆ ಎಳೆದುಕೊಂಡರು. ನಾನು ಮೆಲ್ಲಗೆ, ಅಜ್ಜನ ರುಮಾಲು ಎಲ್ಲಿದೆ ಎಂದು ಕೇಳಿದೆ.

"ಅದು ಅವರ ಜತಿಗೇ ಮಣ್ಣಿಗೆ ಹೋತು."

"ಅತ್ತೆಯ ಮದುವೆ ಸೀರೆ?"

"ಅವಳು ಅದನ್ನ ಒಂದಿನನಾದ್ರೂ ಬಿಟ್ಟುಕೊಟ್ಟಾಳಾ?"

"ಹಂಗಾದ್ರೆ ಇದರಾಗೆ ಯಾರ ಬಟ್ಟೆ ಐತೆ?"

"ನಮ್ಮತ್ತೀದು, ನಂದು. ಉಟ್ಟು ಹರಿದ ಸೀರಿ. ಹೊಲ್ಯಾಕೆ ಕೂತೋರು ನಾವಿಬ್ರೇ. ಇನ್ಯಾರು ಬಟ್ಟಿ ತಂದು ಕೊಟ್ಟಿದ್ರು?" ಎಂದರು ದೊಡ್ಡಮ್ಮ. ಕೋಪವೇನೂ ಇರಲಿಲ್ಲ, ಕೇಳಿದ್ದಕ್ಕೆ ಹೇಳಿದರು ಅಷ್ಟೇ. ನನಗೆ ನಾಚಿಕೆಯಾಯಿತು. ಆದರೂ ಆಸೆ ಬಿಡಬೇಕಲ್ಲ. ನನ್ನ ನೀಲಿ ಗೀರಿನ ಅಂಗಿ ಏನಾಯಿತು ಎಂದು ಕೇಳಿಯೇಬಿಟ್ಟೆ.

ದೊಡ್ಡಮ್ಮ ಸ್ವಲ್ಪ ಹೊತ್ತು ನೆನಪು ಮಾಡಿಕೊಂಡು, "ಅದಾ? ಮಸಿಬಟ್ಟಿ ಮಾಡ್ಕಂಡಿದ್ದೆ. ಅನ್ನದ ಗಡಿಗಿ ಇಳ್ಸಾಕೆ ಭಾಳ ಚೆನ್ನಾಗಿ ಆಗ್ತಿತ್ತು" ಎಂದರು.

ನಮ್ಮ ಮನೆತನದಲ್ಲಿ ಈಗಲೂ ತೊಟ್ಟಿಲಾದಾಗಲೆಲ್ಲ ಕೌದಿಯ ಸುತ್ತ ಕೂತು ರುಮಾಲು, ಸೀರೆಗಳ ಕಥೆ ಹೇಳುತ್ತಾರೆ. ಮೇಷ್ಟ್ರ ಶಾಯಿ ಅಂಗಿಯೂ ಅದರಲ್ಲಿ ಸೇರಿಕೊಂಡಿದೆ. ಯಾವುದೋ ತುಂಡು ತೋರಿಸಿ ನಗುತ್ತಾರೆ, ನಾನೂ ತಲೆಯಾಡಿಸುತ್ತೇನೆ. ಮನೆಗೆ ಬಂದು ಕಾಫಿಗೆ ಹಾಲು ಇಳಿಸುವಾಗ ಮಾತ್ರ ಮಸಿಬಟ್ಟೆಯನ್ನು ಸ್ವಲ್ಪ ಮರ್ಯಾದೆಯಿಂದ ಹಿಡಿಯುತ್ತೇನೆ. ಸರೋಜ ಹೇಳುವ ಪ್ರಕಾರ ಅದು ನಮ್ಮ ಮಸಿಬಟ್ಟೆಯಲ್ಲ, ಪಕ್ಕದ ಮನೆಯವರದು.