ಮೊದಲ ತುಂಡು

ಸೋಮಶೇಖರರ ಗ್ರಹಚಾರವೆಲ್ಲ ಅವರ ಕರ್ಚೀಫಿನಲ್ಲಿತ್ತು.

ಗೋಕಾಕದ ಒಂದು ಕರದಂಟಿನ ಕಾರ್ಖಾನೆಗೆ ಅವರು ಹನ್ನೊಂದು ವರ್ಷದಿಂದ ಮ್ಯಾನೇಜರು. ಪರಾತವೆಂಬ ದೊಡ್ಡ ತಟ್ಟೆಯಲ್ಲಿ ಹರಡಿದ ದಿನದ ಮೊದಲ ಕರದಂಟನ್ನು ಕೊಯ್ದ ಕೂಡಲೇ ಮ್ಯಾನೇಜರು ಮೊದಲ ತುಂಡನ್ನು ಬಾಯಿಗಿಟ್ಟು "ಭಾರಿ ಆಗೇತಿ" ಎನ್ನಬೇಕು, ಆಮೇಲೆಯೇ ಡಬ್ಬಿ ತುಂಬಬೇಕು. ಅದು ಅಲ್ಲಿಯ ಪದ್ಧತಿ. ಸೋಮಶೇಖರರೋ ಚಿಕ್ಕಂದಿನಲ್ಲಿ ಕೊಣ್ಣೂರಿನ ಸೋದರಮಾವನ ಮದುವೆಯಲ್ಲಿ ಮಿತಿಮೀರಿ ಕರದಂಟು ತಿಂದು ಮೂರು ದಿನ ಮಲಗಿದವರು. ಅಂದಿನಿಂದ ಅದರ ಹೆಸರೆತ್ತಿದರೇ ಹೊಟ್ಟೆ ತೊಳಸುತ್ತಿತ್ತು. ಹಾಗಾಗಿ ತುಂಡು ಬಾಯಿಯ ಹತ್ತಿರ ಹೋದಂತೆ ಮಾಡಿ, ಕರ್ಚೀಫಿಗೆ ಇಳಿದು, ಗೇಟಿನ ನಾಯಿಯ ಹೊಟ್ಟೆ ಸೇರುತ್ತಿತ್ತು. ನಾಯಿ ಕರುವಿನಷ್ಟು ಬೆಳೆದದ್ದು ಯಾಕೆಂದು ಯಾರಿಗೂ ತಿಳಿದಿರಲಿಲ್ಲ.

ಇದು ಹೀಗೇ ನಡೆದುಹೋಗುತ್ತಿತ್ತು. ಆದರೆ ಮೂಡಲಗಿಯಲ್ಲಿ ಎರಡನೇ ಕಾರ್ಖಾನೆ ತೆರೆಯುವುದೆಂದಾಯಿತು. ಎರಡಕ್ಕೂ ಸೇರಿ ಒಬ್ಬ ಜನರಲ್ ಮ್ಯಾನೇಜರು ಬೇಕು. ಮಾಲೀಕ ಕಾಶಿನಾಥ ಸಾವಕಾರರು ಸೋಮಶೇಖರರನ್ನೂ ಪ್ಯಾಕಿಂಗ್ ನೋಡಿಕೊಳ್ಳುವ ಶುಭಮ್‌ನನ್ನೂ ಹುಕ್ಕೇರಿಯಲ್ಲಿ ಎರಡು ದಿನದ ನಾಯಕತ್ವ ತರಬೇತಿಗೆ ಕಳಿಸಿದರು. "ಸೋಮವಾರ ಬಂದು ಹೆಸರ ಹೇಳ್ತೇನಿ. ನನಗ ಹೂಂಗುಟ್ಟೂ ಮಂದಿ ಬ್ಯಾಡ, ಖರೆ ಮಾತಾಡೂ ಮನಷ್ಯಾ ಬೇಕು" ಎಂದರು.

ತರಬೇತಿಯ ಮೇಡಂ ಹೇಳಿದ್ದೂ ಅದನ್ನೇ. "ಮುಖವಾಡ ತೆಗೆಯಿರಿ. ನಿಮ್ಮ ಕೈಕೆಳಗಿನವರ ಮುಂದೆ ಇಷ್ಟು ದಿನ ಮುಚ್ಚಿಟ್ಟ ಒಂದು ಸತ್ಯ ಹೇಳಿ. ನಾಯಕ ಬೆಳೆಯುವುದು ಅಲ್ಲಿಂದ." ಶುಭಮ್ ಹಿಂದಿನ ಸಾಲಿನಲ್ಲಿ ನಿದ್ದೆ ಹೊಡೆದ. ಸೋಮಶೇಖರರು ಅದನ್ನು ಬರೆದುಕೊಂಡು ಎರಡು ಸಲ ಅಡಿಗೆರೆ ಎಳೆದರು. ಪಾಪ, ಅವರಿಗೆ ಆ ಕುರ್ಚಿ ಬೇಕೇಬೇಕಾಗಿತ್ತು.

ಸೋಮವಾರ ಬೆಳಿಗ್ಗೆ ಪರಾತದ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

"ನಾ ಒಂದ ಖರೆ ಹೇಳಬೇಕಾಗೇತಿ. ಹನ್ನೊಂದ ವರ್ಷದಾಗ ಒಂದ ತುಂಡೂ ನಾ ತಿಂದಿಲ್ಲ. ಎಲ್ಲಾ ಗೇಟಿನ ನಾಯಿಗಿ ಹಾಕೇನಿ."

ಚಪ್ಪಾಳೆ ಬೀಳುತ್ತದೆಂದು ಕಾದರು. ಮೂವತ್ತು ವರ್ಷದಿಂದ ಪಾಕ ಹಿಡಿಯುತ್ತಿದ್ದ ಸುಂದ್ರವ್ವ ಸವಟು ಕೆಳಗಿಟ್ಟಳು.

"ಅಲ್ರೀ ಸಾಹೇಬ್ರ, ಹಂಗಾದ್ರ ಇಷ್ಟ ವರ್ಷ ನಾ ನಾಯಿಗಿ ಕರದಂಟ ಮಾಡೀನೇನ್ರಿ?"

"ಹಂಗಲ್ಲವ್ವಾ..."

"ಮತ್ತ ಹೆಂಗ್ರಿ?" ಆಕೆಯ ಕಣ್ಣಲ್ಲಿ ನೀರು. ಕಡಾಯಿಯಲ್ಲಿ ಪಾಕ ಕುದಿಯುತ್ತಿತ್ತು.

ವಾಚಮನ್ ಮಾಲಿಂಗಪ್ಪ ಒಳಗೆ ಬಂದ. "ಸಾಹೇಬ್ರ, ನನ್ನ ಮಗಳ ಲಗ್ನದಾಗ ಅಳಿಯಾ ಭಾಳ ಚೊಲೊ ಅದಾನ ಅಂದಿದ್ರಿ. ಅದೂ ಹಿಂಗ ಏನ್ರಿ?"

ಸತ್ಯದ ಅಮಲು ಇನ್ನೂ ಇಳಿದಿರಲಿಲ್ಲ. "ಅವತ್ತ ಚಸ್ಮಾ ಮರತ ಬಂದಿದ್ನಿ, ಮಾಲಿಂಗಪ್ಪಾ. ಅಳಿಯಾ ಕಂಡಿರಲಿಲ್ಲ."

ಅಲ್ಲಿಗೆ ಮುಗಿಯಿತು. ತುಂಡು ಕೊಯ್ಯುವ ಶಿವಗಂಗವ್ವ, ತನ್ನ ಹೊಸ ಮನೆ ಅರಮನೆ ಹಂಗ ಐತಿ ಅಂದದ್ದೂ ಸುಳ್ಳೇ ಎಂದು ಕೇಳಿದಳು. ಪಾಕ ತಳ ಹತ್ತಿ ಹೊಗೆ ಎದ್ದಿತು. ಸರಿಯಾಗಿ ಆಗಲೇ ಸಾವಕಾರರ ಕಾರು ಬಂತು.

ಎಲ್ಲರೂ ಒಟ್ಟಿಗೇ ದೂರಿದರು. ಸಾವಕಾರರು ಸಮಾಧಾನದಿಂದ ಕೇಳಿ ನಕ್ಕರು. "ಖರೆ ಹೇಳಾಕ ಎದಿ ಬೇಕು, ಸೋಮಣ್ಣಾ. ಮೆಚ್ಚಿದ್ನಿ. ಈಗ ನಮ್ಮೆದುರಿಗೇ ಒಂದ ತುಂಡ ತಿಂದು, ಹೆಂಗ ಐತಿ ಅನ್ನೂದನ್ನ ಇದ್ದದ್ದ ಇದ್ದಂಗ ಹೇಳ್ರಿ. ಅದರ ಮ್ಯಾಲ ಹೆಸರ ಹೇಳ್ತೇನಿ."

ಸೋಮಶೇಖರರು ಕಣ್ಣು ಮುಚ್ಚಿ, ಮದ್ದು ನುಂಗುವವರಂತೆ ಬಾಯಿಗಿಟ್ಟುಕೊಂಡರು.

ತುಪ್ಪದಲ್ಲಿ ಅರಳಿದ ಅಂಟು ಹಲ್ಲಿಗೆ ಸಿಕ್ಕು ಪುಡಿಯಾಯಿತು. ಉತ್ತತ್ತಿ, ಕೊಬ್ಬರಿ, ಹದವಾದ ಬೆಲ್ಲ. ಕೊನೆಗೆ ಘಮ್ಮನೆ ಒಂದಿಷ್ಟು ಜಾಜಿಕಾಯಿ. ಹನ್ನೊಂದು ವರ್ಷ ಇದನ್ನು ನಾಯಿಗೆ ಹಾಕಿದೆನಲ್ಲ ಎಂದು ಕಣ್ತುಂಬಿ ಬಂತು.

"ಭಾರಿ ಆಗೇತಿ!" ಎಂದರು.

ಕಾರ್ಖಾನೆಗೆ ಕಾರ್ಖಾನೆಯೇ ಬಿದ್ದು ಬಿದ್ದು ನಕ್ಕಿತು.

"ದೇವರಾಣಿ ಮಾಡಿ ಹೇಳ್ತೇನ್ರಿ, ಖರೇನ ಭಾರಿ ಆಗೇತಿ!"

"ಇದನ್ನ ಹನ್ನೊಂದ ವರ್ಷ ಕೇಳೇವ್ರಿ" ಎಂದ ಮಾಲಿಂಗಪ್ಪ.

ಸಾವಕಾರರ ಮುಖ ಸಪ್ಪಗಾಯಿತು. ಶುಭಮ್‌ನತ್ತ ತುಂಡು ಚಾಚಿದರು. ಆತ ಅಗಿದು, ತಲೆ ಕೆರೆದು, ಏನಾದರೂ ಹೇಳಬೇಕಲ್ಲ ಎಂದು "ಬೆಲ್ಲ ಒಂಚೂರ ಹೆಚ್ಚಾಗೇತ್ರಿ" ಎಂದ.

"ನೋಡ್ರಿ, ಇದು ಖರೆ ಮಾತು!" ಸಾವಕಾರರು ಅವನ ಬೆನ್ನು ತಟ್ಟಿದರು. ಕುರ್ಚಿ ಹೋಯಿತು.

ಮರುದಿನ ಬೆಳಿಗ್ಗೆ ಸೋಮಶೇಖರರು ಕರ್ಚೀಫನ್ನು ಮನೆಯಲ್ಲೇ ಬಿಟ್ಟು ಬಂದರು. ಕುರ್ಚಿ ಹೋದರೆ ಹೋಗಲಿ, ಕರದಂಟಾದರೂ ಉಂಟಲ್ಲ ಎಂದುಕೊಂಡು ಪರಾತಕ್ಕೆ ಕೈ ಚಾಚಿದರು. ಸುಂದ್ರವ್ವ ಅದನ್ನು ಹಿಂದಕ್ಕೆಳೆದುಕೊಂಡಳು. ನಿನ್ನೆಯ ಸಿಟ್ಟು ಇಳಿದಿತ್ತು, ದನಿಯಲ್ಲಿ ಬರೀ ಮರುಕ.

"ಬ್ಯಾಡ್ರಿ ಸಾಹೇಬ್ರ. ನಿನ್ನೆ ನಿಮ್ಮ ಕಣ್ಣಾಗ ನೀರ ಬಂದಿದ್ದ ನೋಡೇನಿ. ನನ್ನ ಮನಸ್ಸ ಇಡಾಕಂತ ಅಷ್ಟ ತ್ರಾಸ ಮಾಡ್ಕೋಬ್ಯಾಡ್ರಿ. ಇನ್ನ ನಾನ ಸೀದಾ ನಾಯಿಗಿ ಹಾಕ್ತೇನಿ."

ಗೇಟಿನಲ್ಲಿ ನಾಯಿ ಆಗಲೇ ಬಾಲ ಅಲ್ಲಾಡಿಸುತ್ತ ನಿಂತಿತ್ತು.