ಹಲ್ಲು ಉದುರಿಸುವ ಕೆಂಪು ಗೆರೆಯವರಿಗೊಂದು ಅಹವಾಲು

ಅನಿಮೇಷನ್ ತಂತ್ರಾಂಶದ ಟೈಮ್‌ಲೈನ್ ಎಂಬ ರಾಜಬೀದಿಯಲ್ಲಿ ಎಡದಿಂದ ಬಲಕ್ಕೆ ಹಗಲಿರುಳು ಸಂಚರಿಸುತ್ತಾ, ಫ್ರೇಮ್ ಎಂಬ ಬಿಡಿಚಿತ್ರಗಳಿಗೆ ಜೀವ ಕೊಟ್ಟು ನನ್ನ ಜೀವ ತಿನ್ನುತ್ತಿರುವ ಶ್ರೀ ಕೆಂಪು ಗೆರೆಯವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕ್ಷೇಮ ವಿಚಾರಿಸುವ ಉದ್ಧಟತನ ಮಾಡುವುದಿಲ್ಲ. ಇಷ್ಟು ಓಡಾಡುವವರ ಆರೋಗ್ಯಕ್ಕೆ ಏನೂ ಆಗಿರಲಾರದು. ಆಗಿರುವುದೆಲ್ಲ ನನಗೇ.

ನನ್ನ ಚಿಕ್ಕಮ್ಮ ಹಲ್ಲಿನ ಡಾಕ್ಟರು. ಅವರ ಕಾಯುವ ಕೋಣೆಯಲ್ಲಿ ಮಕ್ಕಳು ಸರದಿ ಬರುವ ಮೊದಲೇ ಅಳಲು ಶುರುಮಾಡಿ, ಒಂದನ್ನು ನೋಡಿ ಇನ್ನೊಂದು ರಾಗ ಎಳೆಯುವುದರಿಂದ, ಅವರನ್ನು ಸುಮ್ಮನಿರಿಸುವ ಚಿತ್ರವೊಂದನ್ನು ಗೋಡೆಯ ಟಚ್ ಸ್ಕ್ರೀನಿಗೆ ಮಾಡಿಕೊಡುವುದಾಗಿ ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ. “ಗಲಾಟೆ ನಿಂತ್ರೆ ಹಿಂದಿನ ಖಾಲಿ ರೂಮು ನಿಂಗೇ, ಅಲ್ಲೇ ಗೊಂಬೆ ಕುಣಿಸ್ಕೋ. ನಿಲ್ಲಿಲ್ವೋ, ಬಾಗಿಲ ಹತ್ರ ಕೂತು ಪೇಷಂಟ್‌ಗಳ ಹೆಸರು ಕೂಗು” ಎಂದು ಚಿಕ್ಕಮ್ಮ ಷರತ್ತು ಹಾಕಿದರು. ನನ್ನ ಇಡೀ ಭವಿಷ್ಯ ಹೀಗೆ ಒಂದು ಹಲ್ಲಿನ ಮೇಲೆ ನಿಂತಿತು.

ಚಿತ್ರ ಸರಳವಾಗಿತ್ತು, ಮಾನ್ಯರೇ. ಬಿಳಿಯ ದವಡೆಹಲ್ಲೊಂದು ನಗುತ್ತಾ ನಿಂತಿರುತ್ತದೆ. ಕೆಳಗೆ ಚಾಕೊಲೇಟಿನ ಆಕಾರದ ಗುಂಡಿ. ಒತ್ತಿದವರ ಹಲ್ಲು ಕಪ್ಪಾಗಿ, ಅಲ್ಲಾಡಿ, ಉದುರಬೇಕು. ಆಸೆ ತಡೆದವರ ಹಲ್ಲು ಉಳಿಯಬೇಕು. ಮೊದಲ ಫ್ರೇಮಿನಲ್ಲಿ ನಗು, ಕೊನೆಯದರಲ್ಲಿ ಬೊಕ್ಕುಬಾಯಿ ಬರೆದಿಟ್ಟು, ನಡುವಿನದನ್ನು ತಂತ್ರಾಂಶವೇ ತುಂಬಲಿ ಎಂದು ಬಿಟ್ಟೆ. ಮೊದಲ ಫ್ರೇಮಿನಲ್ಲಿ ‘ನಿಲ್ಲು’ ಎಂಬ ಒಂದು ಆದೇಶ ಇಡದಿದ್ದರೆ ತಾವು ಯಾರ ಅಪ್ಪಣೆಗೂ ಕಾಯದೆ ಓಡುತ್ತೀರೆಂದು ನನಗೇನು ಗೊತ್ತು? ದೊಡ್ಡವರಿಗೆ ‘ನಿಲ್ಲಿ’ ಎನ್ನುವುದು ನಮ್ಮ ಮನೆಯಲ್ಲಿ ಕಲಿಸಿದ ಸಂಸ್ಕಾರವೂ ಅಲ್ಲ.

ಮರುದಿನ ಬೆಳಿಗ್ಗೆ ತಾವು ತಮ್ಮ ಪ್ರತಿಭೆ ಮೆರೆದಿರಿ. ಯಾರೂ ಗುಂಡಿ ಮುಟ್ಟದಿದ್ದರೂ ಹಲ್ಲು ಕಪ್ಪಾಯಿತು, ಉದುರಿತು, ಮತ್ತೆ ಹುಟ್ಟಿತು, ಮತ್ತೆ ಉದುರಿತು. ಹಲ್ಲುನೋವಿಗೆ ಕೆನ್ನೆಗೆ ಕರವಸ್ತ್ರ ಕಟ್ಟಿಕೊಂಡು ಬಂದಿದ್ದ ಹುಡುಗಿಯೊಬ್ಬಳು “ನಾನು ಮುಟ್ಟೇ ಇಲ್ಲಮ್ಮಾ, ಅದೇ ಉದುರ್ತಿದೆ!” ಎಂದು ಕುರ್ಚಿಯ ಕೆಳಗೆ ತೂರಿದಳು. ಅವಳ ಅಜ್ಜ ತಮ್ಮ ಹಲ್ಲಿನ ಸೆಟ್ಟನ್ನು ಬೆರಳಿನಿಂದ ಒತ್ತಿ ಪರೀಕ್ಷಿಸಿಕೊಂಡರು. ಏನೂ ತಿನ್ನದವರ ಹಲ್ಲನ್ನೂ ಬಿಡದ ತಮ್ಮ ನಿಷ್ಪಕ್ಷಪಾತವನ್ನು ಎಷ್ಟು ಹೊಗಳಿದರೂ ಸಾಲದು. ಚಿಕ್ಕಮ್ಮ ಮಾತ್ರ ಹೊಗಳಲಿಲ್ಲ. ಬಾಗಿಲ ಬಳಿಯ ಕುರ್ಚಿಯ ಧೂಳು ಒರೆಸಿದರು.

ಹೀಗಾಗಿ ಆಗಲೇ, ಸಿಟ್ಟಿನ ಭರದಲ್ಲಿ, ಮೊದಲ ಫ್ರೇಮಿನಲ್ಲಿಟ್ಟಿದ್ದರೆ ಸಾಕಾಗಿದ್ದ ‘ನಿಲ್ಲು’ ಆದೇಶವನ್ನು ಪ್ರತಿಯೊಂದು ಫ್ರೇಮಿಗೂ ಜಡಿದೆ. ಇನ್ನು ತಾವು ಒಂದು ಹೆಜ್ಜೆ ಇಟ್ಟರೆ ನಿಲ್ಲಬೇಕು, ಮತ್ತೆ ಯಾರಾದರೂ ಗುಂಡಿ ಒತ್ತಿದರೆ ಮಾತ್ರ ಮುಂದಿನ ಹೆಜ್ಜೆ. ಹಲ್ಲು ಈಗ ಒಂದು ಸಲ ಒತ್ತಿದರೆ ಕೂದಲೆಳೆಯಷ್ಟೇ ಅಲ್ಲಾಡತೊಡಗಿತು. ನನ್ನ ಕಥೆ ಮುಗಿಯಿತೆಂದು ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಕೋಣೆ ನಿಶ್ಶಬ್ದವಾಯಿತು. ಕರವಸ್ತ್ರದ ಹುಡುಗಿ ಕುರ್ಚಿಯಡಿಯಿಂದ ಎದ್ದುಬಂದು ಗುಂಡಿ ಒತ್ತುತ್ತಿದ್ದಳು. ಅವಳ ಹಿಂದೆ ಉಳಿದ ಮಕ್ಕಳೆಲ್ಲ ಅಳು ಮರೆತು, “ಈಗ ನಂದು, ತಳ್ಬೇಡ ಕಣೋ” ಎಂದು ಪಿಸುಗುಡುತ್ತಾ ಸಾಲಾಗಿ ನಿಂತಿದ್ದರು. ಚಿಕ್ಕಮ್ಮ ಇಣುಕಿ ನೋಡಿ, ಹಿಂದಿನ ರೂಮಿನ ಬೀಗದಕೈಯನ್ನು ನನ್ನ ಅಂಗೈಗೆ ಹಾಕಿದರು.

ಆದ್ದರಿಂದ ತಮ್ಮಲ್ಲಿ ವಿನಂತಿ: ತಾವು ಇದೇ ರೀತಿ ಹೆಜ್ಜೆಹೆಜ್ಜೆಗೂ ಅಪ್ಪಣೆ ಕೇಳಿ ನಡೆಯುತ್ತಿರಬೇಕು, ಬಿಡುವಾದಾಗ ನಮ್ಮ ಮನೆಗೆ ಬಂದು, ಒಮ್ಮೆ ಶುರುವಾದರೆ ನಿಲ್ಲದ ನಮ್ಮ ಸೋದರಮಾವನ ಮಾತಿಗೂ ಈ ಶಿಸ್ತು ಕಲಿಸಬೇಕು.

ತಮ್ಮ ಓಟಕ್ಕೆ ಕಾಲುಕೊಟ್ಟು ಬೀಳಿಸಿದ,
ತಮ್ಮ ವಿಶ್ವಾಸಿ,
ಹಿಂದಿನ ರೂಮಿನವನು

ತಾ.ಕ.: ಮೇಲಿನ ವಿನಂತಿಯನ್ನು ದಯವಿಟ್ಟು ಹರಿದುಹಾಕಿ. ಕರವಸ್ತ್ರದ ಹುಡುಗಿ “ಇರಿ ಡಾಕ್ಟ್ರೇ, ಇನ್ನೇನು ಉದುರತ್ತೆ” ಎಂದು ಒಳಗೆ ಹೋಗಲು ಒಪ್ಪುತ್ತಿಲ್ಲ. ಅವಳ ಹಿಂದಿನವರೂ ಅಷ್ಟೇ. ಚಿಕ್ಕಮ್ಮ ಕೈಗವಸು ತೊಟ್ಟು ಕಾಯುವ ಕೋಣೆಯಲ್ಲಿ ಕಾಯುತ್ತಾ ಕೂತಿದ್ದಾರೆ, ಬೀಗದಕೈ ಅವರ ಕೋಟಿನ ಜೇಬಿಗೆ ಮರಳಿದೆ. ಈ ಪತ್ರ ಮುಗಿಸುತ್ತಿರುವುದು ಬಾಗಿಲ ಬಳಿಯ ಕುರ್ಚಿಯಿಂದ. ತಮ್ಮ ಕಾಲಿಗೆ ಬೀಳುತ್ತೇನೆ, ಸ್ವಲ್ಪ ಓಡಿ.